ತೊಟ್ಟಿಯ ಮೀನಿಗೆ ಬೇಜಾರಾದೀತೆ?

ಅಕ್ವೇರಿಯಂ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು ಗಿರಾಕಿಗಳ ಮಾತು ಕೇಳಿ. ಕಪಾಟಿನ ಮೇಲೆ ಸಾಲಾಗಿ ಜೋಡಿಸಿಟ್ಟ ಪುಟ್ಟ ಡಬ್ಬಗಳಲ್ಲಿ ಒಂದೊಂದೇ ಫೈಟರ್ ಮೀನು ಈಜುರೆಕ್ಕೆ ಬಿಚ್ಚಿಕೊಂಡು ನಿಂತಿರುತ್ತದೆ. ಪಕ್ಕದ ಡಬ್ಬದವನನ್ನು ಕಂಡು ಕೆರಳದಿರಲೆಂದು ಅಂಗಡಿಯವರು ನಡುವೆ ರಟ್ಟಿನ ತುಂಡು ಸಿಕ್ಕಿಸಿರುತ್ತಾರೆ. “ಅಯ್ಯೋ ಪಾಪ, ಒಂದೇ ಇದೆಯಲ್ಲ, ಜೊತೆಗೆ ಇನ್ನೊಂದು ಹಾಕಿಕೊಡಿ” ಎಂಬ ಮಾತು ಬರುವುದು ಅದರ ಮುಂದೆಯೇ. ಅದೇ ಗಿರಾಕಿ ಕೆಳಗಿನ ತೊಟ್ಟಿಗೆ ಬಗ್ಗಿ, ನೀಲಿ-ಕೆಂಪು ಗೆರೆಯ ನಿಯಾನ್ ಟೆಟ್ರಾಗಳ ದೊಡ್ಡ ಹಿಂಡು ನೋಡಿ, “ಇದರಲ್ಲಿ ಎರಡು ಕೊಡಿ, ಸಾಕು, ಮಗು ಆಸೆಪಟ್ಟಿದೆ” ಎನ್ನುತ್ತಾರೆ. ಹಿಂಡಿನಿಂದ ಬೇರೆಯಾದ ಎರಡು ಮೀನು ಪ್ಲಾಸ್ಟಿಕ್ ಚೀಲ ಸೇರಿ ಮನೆಗೆ ಹೊರಡುತ್ತವೆ. ಕರುಣೆಯೇನೋ ಇತ್ತು; ಸಲ್ಲಬೇಕಾದವರಿಗೆ ಸಲ್ಲಲಿಲ್ಲ, ಅಷ್ಟೆ. ಫೈಟರ್‌ಗೆ ಜೊತೆ ಸಿಕ್ಕರೆ ಎರಡರಲ್ಲೊಂದರ ರೆಕ್ಕೆ ಚಿಂದಿಯಾಗುತ್ತದೆ. ಟೆಟ್ರಾಗೆ ಹಿಂಡು ತಪ್ಪಿದರೆ ಏನಾಗುತ್ತದೆ ಎಂಬುದು ಯಾರಿಗೂ ಕಾಣುವುದಿಲ್ಲ, ಏಕೆಂದರೆ ಅದು ಮೂಲೆಯ ಗಿಡದ ಹಿಂದೆ ಅಡಗಿಬಿಟ್ಟಿರುತ್ತದೆ.

ಮೀನಿಗೆ ಒಂಟಿತನ ಕಾಡುತ್ತದೆಯೇ, ಬೇಜಾರಾಗುತ್ತದೆಯೇ ಎಂಬ ಪ್ರಶ್ನೆ ಕೇಳಿದರೆ ಹಿಂದೆಲ್ಲ ವಿಜ್ಞಾನಿಗಳು ನಕ್ಕು ಸುಮ್ಮನಾಗುತ್ತಿದ್ದರು. ಮೀನಿಗೆ ರೆಪ್ಪೆಯಿಲ್ಲ, ಹುಬ್ಬಿಲ್ಲ, ನಮಗೆ ಕೇಳುವಂಥ ಅಳುವಿಲ್ಲ. ನಾಯಿಯ ಮುಖ ನೋಡಿ ಅದರ ಮನಸ್ಸು ತಿಳಿದಷ್ಟು ಸುಲಭದಲ್ಲಿ ಮೀನಿನದು ತಿಳಿಯದು. ಜೊತೆಗೆ, ಗೋಲ್ಡ್ ಫಿಶ್‌ಗೆ ಮೂರೇ ಸೆಕೆಂಡಿನ ನೆನಪು, ತೊಟ್ಟಿಯ ಒಂದು ಸುತ್ತು ಹಾಕುವಷ್ಟರಲ್ಲಿ ಎಲ್ಲ ಹೊಸದಾಗುತ್ತದೆ ಎಂಬ ಕಟ್ಟುಕತೆ ಬೇರೆ. ಮರೆಗುಳಿಗೆ ಬೇಜಾರೆಲ್ಲಿಂದ ಬರಬೇಕು ಎಂದು ನಾವೂ ನೆಮ್ಮದಿಯಿಂದ ಇದ್ದುಬಿಡಬಹುದಲ್ಲ!

ಆ ಕಟ್ಟುಕತೆಗೆ ಆಧಾರವೇ ಇಲ್ಲ. ಆಸ್ಟ್ರೇಲಿಯಾದ ರೇನ್‌ಬೋ ಮೀನುಗಳನ್ನು ಸಾಕಿಕೊಂಡು ಕಲಮ್ ಬ್ರೌನ್ ಎಂಬ ವಿಜ್ಞಾನಿ ಒಂದು ಸರಳ ಪ್ರಯೋಗ ಮಾಡಿದರು. ತೊಟ್ಟಿಯ ಒಂದು ತುದಿಯಿಂದ ಬಲೆಯನ್ನು ತಳ್ಳಿಕೊಂಡು ಬರುವುದು. ಬಲೆಯಲ್ಲಿ ಒಂದೇ ಒಂದು ಕಿಂಡಿ. ಮೊದಮೊದಲು ಗಾಬರಿಯಿಂದ ದಿಕ್ಕೆಟ್ಟ ಮೀನುಗಳು ಐದನೆಯ ಸಲಕ್ಕೆ ನೇರ ಕಿಂಡಿಯತ್ತ ಹೋಗುವುದನ್ನು ಕಲಿತವು. 11 ತಿಂಗಳು ಬಿಟ್ಟು ಅದೇ ಬಲೆ ತಂದಾಗ ಕಿಂಡಿ ಎಲ್ಲಿದೆಯೆಂದು ಅವಕ್ಕೆ ನೆನಪಿತ್ತು. 2001ರಲ್ಲಿ ಪ್ರಕಟವಾದ ಈ ಸಂಗತಿ ತಿಳಿದ ಮೇಲೂ ಮೂರು ಸೆಕೆಂಡಿನ ಮಾತು ಚಲಾವಣೆಯಲ್ಲಿದೆ ಎಂದರೆ ನೆನಪಿನ ತೊಂದರೆ ಯಾರಿಗೆ ಎಂದು ಕೇಳಬೇಕಾಗುತ್ತದೆ.

ನೋವಿನ ವಿಚಾರವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಎದ್ದಿತು. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿಗೆ ಜೇನ್ನೊಣದ ವಿಷವನ್ನೋ ದುರ್ಬಲ ಅಸೆಟಿಕ್ ಆಮ್ಲವನ್ನೋ ಚುಚ್ಚಿದರು. ಮೀನು ತಳದಲ್ಲಿ ಕೂತು ಅತ್ತಿತ್ತ ತೂಗಾಡಿತು, ತುಟಿಯನ್ನು ಜಲ್ಲಿಕಲ್ಲಿಗೆ ಉಜ್ಜಿತು, ಗಂಟೆಗಟ್ಟಲೆ ಆಹಾರ ಮುಟ್ಟಲಿಲ್ಲ. ಮಾರ್ಫಿನ್ ಕೊಟ್ಟರೆ ಈ ಚಡಪಡಿಕೆ ತಗ್ಗುತ್ತದೆ ಎಂಬುದೂ ಕಂಡುಬಂತು. 2003ರಲ್ಲಿ ಹೊರಬಂದ ಈ ಫಲಿತಾಂಶಕ್ಕೆ ವಿರೋಧವೂ ಬಂದಿದೆ. ನಮ್ಮಲ್ಲಿ ನೋವಿನ ಅರಿವಿಗೆ ಬೇಕಾದ ನಿಯೊಕಾರ್ಟೆಕ್ಸ್ ಎಂಬ ಮಿದುಳಿನ ಹೊರಪದರವೇ ಮೀನಿಗಿಲ್ಲ, ಹಾಗಾಗಿ ಅದಕ್ಕೆ ನೋವಿನ ಅನುಭವವೂ ಇಲ್ಲ ಎಂದು ಆಸ್ಟ್ರೇಲಿಯಾದ ಬ್ರಯಾನ್ ಕೀ 2016ರಲ್ಲಿ ವಾದಿಸಿದರು. ಈ ವಾದದಲ್ಲಿ ಒಂದು ತೊಡಕಿದೆ: ಹಕ್ಕಿಗಳಿಗೂ ನಮ್ಮಂಥ ಪದರುಪದರಾದ ನಿಯೊಕಾರ್ಟೆಕ್ಸ್ ಇಲ್ಲ, ಆದರೂ ಕಾಗೆಯ ಬುದ್ಧಿಯನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಒಂದೇ ಕೆಲಸವನ್ನು ಬೇರೆ ಬೇರೆ ಅಂಗರಚನೆಯಿಂದ ಮಾಡಿಸಿಕೊಳ್ಳುವುದು ವಿಕಾಸಕ್ಕೆ ಹೊಸತಲ್ಲ. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಹೊರಡಿಸಿದ ಪ್ರಾಣಿಪ್ರಜ್ಞೆಯ ಘೋಷಣೆ, ಮೀನೂ ಸೇರಿದಂತೆ ಎಲ್ಲ ಬೆನ್ನೆಲುಬಿನ ಪ್ರಾಣಿಗಳಿಗೆ ಪ್ರಜ್ಞೆ ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು ಅಳೆದು ತೂಗಿಯೇ ಹೇಳಿತು.

ಒಂಟಿತನದ ವಿಚಾರಕ್ಕೆ ಬಂದರೆ ಸಾಕ್ಷ್ಯ ಇನ್ನೂ ಗಟ್ಟಿಯಾಗಿದೆ. ಅದನ್ನು ಕೊಟ್ಟದ್ದು ನಮ್ಮ ದೇಶದ್ದೇ ಒಂದು ಮೀನು. ಬೆರಳುದ್ದವೂ ಇಲ್ಲದ, ಮೈಮೇಲೆ ನೀಲಿ ಪಟ್ಟೆಗಳಿರುವ ಜೀಬ್ರಾ ಮೀನು ಗಂಗೆಯ ಬಯಲಿನ ಗದ್ದೆ, ಕೊಳ, ನಿಧಾನ ಹರಿಯುವ ತೋಡುಗಳ ನಿವಾಸಿ. ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರ ಗಂಗಾನದಿಯ ಮೀನುಗಳ ಗ್ರಂಥದಲ್ಲಿ. ಈ ಹೆಸರು ಕೇಳಿದಂತಿಲ್ಲ ಎನ್ನುವವರಿಗೆ: ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಹೊಲ, ಗದ್ದೆ, ಸಂತೆ, ಜಾತಿ, ಕಸುಬು ಎಲ್ಲವನ್ನೂ ಬರೆದಿಟ್ಟ ಬುಕಾನನ್ ಈತನೇ. ಆಮೇಲೆ ತಾಯಿಯ ಮನೆತನದ ಹೆಸರನ್ನು ಇಟ್ಟುಕೊಂಡ. ಆತ ಪರಿಚಯಿಸಿದ ಆ ಪುಟ್ಟ ಮೀನು ಈಗ ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿ ಇಲಿಯ ಪಕ್ಕದಲ್ಲೇ ಜಾಗ ಪಡೆದಿದೆ.

ಜೀಬ್ರಾ ಮೀನು ಹಿಂಡಿನ ಜೀವಿ. ಜರ್ಮನಿಯ ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯಲ್ಲಿ ಎರಿನ್ ಶೂಮನ್ ಅವರ ತಂಡ ಕೆಲವು ಮರಿಗಳನ್ನು ಒಂಟಿಯಾಗಿ, ಅವುಗಳ ಒಡಹುಟ್ಟಿದವನ್ನು ಗುಂಪಿನಲ್ಲಿ ಬೆಳೆಸಿ, ಎರಡರ ಮಿದುಳಿನಲ್ಲೂ ಯಾವ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂದು ಹೋಲಿಸಿ ನೋಡಿತು. ಒಂದು ಜೀನ್ ಎದ್ದು ಕಂಡಿತು. ಹೆಸರು ಪಿಟಿಎಚ್2. ಗುಂಪಿನಲ್ಲಿದ್ದ ಮರಿಗಳ ಮಿದುಳಿನಲ್ಲಿ ಅದು ಚುರುಕಾಗಿತ್ತು, ಒಂಟಿ ಮರಿಗಳಲ್ಲಿ ಬಹುತೇಕ ಮೌನವಾಗಿತ್ತು. ಒಂಟಿ ಮರಿಯನ್ನು ತಂದು ಬಳಗದೊಂದಿಗೆ ಬಿಟ್ಟರೆ ಅರ್ಧ ಗಂಟೆಯಲ್ಲೇ ಜೀನ್ ಏರತೊಡಗಿತು. 12 ಗಂಟೆ ಕಳೆಯುವಷ್ಟರಲ್ಲಿ ಗುಂಪಿನಲ್ಲೇ ಬೆಳೆದವುಗಳ ಮಟ್ಟ ಮುಟ್ಟಿತು. ಗುಂಪಿನಲ್ಲಿದ್ದುದನ್ನು ಬೇರೆ ಮಾಡಿದರೆ ಇಳಿಯತೊಡಗಿತು. ಸುತ್ತ ಇರುವ ಮೀನುಗಳ ಸಂಖ್ಯೆ ಹೆಚ್ಚಿದ್ದಲ್ಲಿ ಜೀನಿನ ಮಟ್ಟವೂ ಹೆಚ್ಚು. ಶಾಲೆಯ ಮೇಷ್ಟರ ಹಾಜರಿ ಪುಸ್ತಕದಂತೆ, ಇಂದು ಯಾರಿದ್ದಾರೆ, ಎಷ್ಟು ಮಂದಿ ಇದ್ದಾರೆ ಎಂಬುದನ್ನು ಮಿದುಳು ದಾಖಲಿಸುತ್ತಲೇ ಇತ್ತು.

ಇನ್ನೂ ಸ್ವಾರಸ್ಯದ ಸಂಗತಿ ಮುಂದಿದೆ. ಬಳಗ ಇದೆಯೆಂದು ಮೀನಿಗೆ ತಿಳಿಯುವುದು ಹೇಗೆ? ಕಣ್ಣಿನಿಂದ ಇರಬೇಕು ಎಂದು ನಾನಾದರೂ ಊಹಿಸುತ್ತಿದ್ದೆ. ಬರೀ ಕಂಡರೆ ಜೀನ್ ಏಳಲಿಲ್ಲ. ನೀರಿನಲ್ಲಿ ವಾಸನೆ ಬಂದರೂ ಏಳಲಿಲ್ಲ. ಮೀನಿನ ಮೈಯ ಎರಡೂ ಬದಿಗೆ ತಲೆಯಿಂದ ಬಾಲದವರೆಗೆ ಪಾರ್ಶ್ವರೇಖೆ ಎಂಬ ಒಂದು ಇಂದ್ರಿಯ ಇದೆ. ನೀರಿನ ಅತಿ ಸಣ್ಣ ಅಲುಗಾಟವನ್ನೂ ಅದರ ರೋಮಕೋಶಗಳು ಹಿಡಿಯುತ್ತವೆ. ಆ ಕೋಶಗಳನ್ನು ನಿಷ್ಕ್ರಿಯಗೊಳಿಸಿದಾಗ, ಬಳಗದ ನಡುವೆ ಬಿಟ್ಟರೂ ಜೀನ್ ಏಳಲಿಲ್ಲ. ಆಮೇಲೆ ತಂಡ ಒಂದು ಚಮತ್ಕಾರ ಮಾಡಿತು. ಒಂಟಿ ಮೀನಿನ ತೊಟ್ಟಿಯೊಳಗೆ ಮೋಟಾರಿಗೆ ಜೋಡಿಸಿದ ಒಂದು ವಸ್ತುವನ್ನು, ನಿಜವಾದ ಜೀಬ್ರಾ ಮೀನು ಈಜುವ ಲಯದಲ್ಲೇ ಆಡಿಸಿತು. ಅಲ್ಲಿ ಮೀನಿಲ್ಲ, ಮೀನು ಈಜಿದಾಗ ನೀರು ಅಲುಗುವ ಬಗೆ ಮಾತ್ರ ಇದೆ. ಜೀನ್ ಎದ್ದಿತು! ಇದು 2020ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಕ್ಕದ ತೊಟ್ಟಿಯಲ್ಲಿ ಇನ್ನೊಂದು ಮೀನು ಕಾಣುತ್ತಿದೆಯಲ್ಲ, ಕನ್ನಡಿ ಇಟ್ಟಿದ್ದೇನಲ್ಲ ಎನ್ನುವ ಮನೆಮದ್ದಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಈ ಜೀನಿನ ಮಟ್ಟಿಗೆ ಸಂಗಾತಿ ಎಂದರೆ ಮೈಗೆ ತಾಗುವ ನೀರಿನ ಅಲೆ.

ಜೀನ್ ಏರಿಳಿದರೆ ಅದಕ್ಕೆ ಒಂಟಿತನ ಎನ್ನಬಹುದೇ ಎಂದು ನೀವು ಕೇಳಬಹುದು, ಕೇಳಲೇಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಎಲೆನಾ ಡ್ರಿಯೋಸ್ತಿ ಅವರ ತಂಡ ಅದೇ 2020ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೆರವಿಗೆ ಬರುತ್ತದೆ. ಸಾಮಾನ್ಯವಾಗಿ ಮೂರು ವಾರದ ಜೀಬ್ರಾ ಮರಿ ಗಾಜಿನಾಚೆ ತನ್ನವರು ಕಂಡರೆ ಆ ಬದಿಗೇ ಅಂಟಿಕೊಳ್ಳುತ್ತದೆ. ಹುಟ್ಟಿನಿಂದ ಒಂಟಿಯಾಗಿ ಬೆಳೆದ ಅನೇಕ ಮರಿಗಳು ಹಾಗೆ ಮಾಡದೆ ದೂರ ಸರಿದವು. ಗುಂಪಿನಲ್ಲೇ ಬೆಳೆದವುಗಳಲ್ಲೂ ಸ್ವಭಾವದಿಂದಲೇ ದೂರ ಇರುವ ಕೆಲವು ಮೀನುಗಳಿರುತ್ತವೆ. ಹಾಗಾದರೆ ಒಂಟಿಯಾಗಿ ಬೆಳೆಸಿದ ಮೀನು ಏಕಾಂತಪ್ರಿಯ ಆಗಿಬಿಟ್ಟಿತೇ? ಮಿದುಳನ್ನು ನೋಡಿದಾಗ ಇವೆರಡೂ ಬೇರೆ ಬೇರೆ ಎಂದು ತಿಳಿಯಿತು. ಒಂಟಿಯಾಗಿ ಬೆಳೆದವುಗಳಲ್ಲಿ ಒತ್ತಡ, ಆತಂಕಗಳಿಗೆ ಸಂಬಂಧಿಸಿದ ಭಾಗಗಳು ಅತಿಯಾಗಿ ಚುರುಕಾಗಿದ್ದವು. ಮನುಷ್ಯರಿಗೆ ಆತಂಕ ತಗ್ಗಿಸಲು ಕೊಡುವ ಬಸ್ಪಿರೋನ್ ಎಂಬ ಔಷಧಿ ಕೊಟ್ಟಾಗ, ಸ್ವಲ್ಪ ಕಾಲ ಮಾತ್ರ ಬೇರೆಯಾಗಿದ್ದ ಮೀನುಗಳು ಮತ್ತೆ ತಮ್ಮವರ ಕಡೆ ತಿರುಗಿದವು. ಹೊಸದಾಗಿ ತಂದು ಬಿಟ್ಟ ಜೊತೆಗಾರನಿಂದ ಒಂಟಿ ಮೀನು ದೂರ ಓಡಿದರೆ ‘ಇದಕ್ಕೆ ಒಬ್ಬನೇ ಇರುವುದೇ ಇಷ್ಟ’ ಎಂದು ತೀರ್ಮಾನಿಸುವ ಮಾಲೀಕರು ಇದನ್ನು ಗಮನಿಸಬೇಕು.

ಹಿಂಡು ಮೀನಿಗೆ ಧೈರ್ಯವನ್ನೂ ಕೊಡುತ್ತದೆ. ಮಿನ್ನೋ ಮೀನಿನ ಚರ್ಮ ಗಾಯಗೊಂಡಾಗ ನೀರಿಗೆ ಸೇರುವ ಒಂದು ವಸ್ತು ಇಡೀ ಹಿಂಡನ್ನೇ ಗಾಬರಿಗೊಳಿಸುತ್ತದೆ ಎಂದು 1938ರಲ್ಲಿ ಕಂಡುಹಿಡಿದವರು ಕಾರ್ಲ್ ಫಾನ್ ಫ್ರಿಶ್. ಜೇನ್ನೊಣದ ನೃತ್ಯವನ್ನು ಬಿಡಿಸಿ ಹೇಳಿದವರೂ ಅವರೇ. ಇದೇ ಭಯದ ರಾಸಾಯನಿಕವನ್ನು ಪೋರ್ಚುಗಲ್‌ನ ರುಯಿ ಒಲಿವೇರಾ ಅವರ ತಂಡ ಜೀಬ್ರಾ ಮೀನುಗಳ ಮೇಲೆ ಬಳಸಿ ನೋಡಿತು. ಒಂಟಿ ಮೀನು ತತ್ತರಿಸಿತು. ತನ್ನವರು ಕಣ್ಣೆದುರು ಇದ್ದಾಗ ಅದೇ ರಾಸಾಯನಿಕಕ್ಕೆ ಅಷ್ಟು ಹೆದರಲಿಲ್ಲ. ಕಷ್ಟಕಾಲದಲ್ಲಿ ನಾಲ್ಕು ಜನ ಜೊತೆಗಿದ್ದರೆ ಎದೆ ಗಟ್ಟಿಯಾಗುವುದು ನಮಗೆ ಮಾತ್ರ ಮೀಸಲಾದ ಗುಣವಲ್ಲ.

ಜೋಡಿಯಾಗಿ ಬಾಳುವ ಮೀನುಗಳ ಕತೆ ಇನ್ನೊಂದು. ಮಧ್ಯ ಅಮೆರಿಕದ ಕಾನ್ವಿಕ್ಟ್ ಸಿಕ್ಲಿಡ್ ಜೀವನಸಂಗಾತಿಯನ್ನು ಆರಿಸಿಕೊಂಡು ಇಬ್ಬರೂ ಸೇರಿ ಮರಿ ಸಾಕುವ ಜಾತಿ. ಫ್ರಾನ್ಸಿನ ದಿಜಾನ್‌ನಲ್ಲಿ ಸಂಶೋಧಕರು ಹೆಣ್ಣು ಮೀನುಗಳಿಗೆ ಮೊದಲು ಒಂದು ಪಾಠ ಕಲಿಸಿದರು: ಒಂದು ಬಣ್ಣದ ಮುಚ್ಚಳ ತೆಗೆದರೆ ತಿನಿಸು, ಇನ್ನೊಂದು ಬಣ್ಣದ್ದಾದರೆ ಏನೂ ಇಲ್ಲ. ಆಮೇಲೆ ಎರಡೂ ಅಲ್ಲದ ಬೂದು ಮುಚ್ಚಳ ಇಟ್ಟರು. ಮೆಚ್ಚಿದ ಗಂಡಿನ ಜೊತೆಗಿದ್ದ ಹೆಣ್ಣು ಬೂದು ಮುಚ್ಚಳವನ್ನೂ ಬೇಗನೆ ತೆಗೆದು ನೋಡಿತು. ಆ ಗಂಡನ್ನು ತೆಗೆದು ಮೆಚ್ಚದವನನ್ನು ಬಿಟ್ಟಾಗ ಹೆಣ್ಣು ತಡಮಾಡಿತು. ಒಳ್ಳೆಯದೇನೂ ಇರಲಾರದು ಎಂಬಂತೆ. 2019ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಪತ್ರಿಕೆಗಳು ‘ಮೀನಿನ ವಿರಹ’ ಎಂಬ ಧಾಟಿಯಲ್ಲಿ ಬರೆದವು. ನಾನು ಅಷ್ಟು ದೂರ ಹೋಗಲಾರೆ. ಸಂಗಾತಿ ಬದಲಾದರೆ ಮೀನಿನ ನಿರೀಕ್ಷೆಯೇ ಮಂಕಾಗುತ್ತದೆ ಎಂಬಷ್ಟೇ ಸಾಕಷ್ಟು ದೊಡ್ಡ ಮಾತು.

ಈಗ ಬೇಜಾರು. ಇಲ್ಲಿ ನೆಲ ಸ್ವಲ್ಪ ಜಾರುತ್ತದೆ. ಪ್ರಾಣಿಗೆ ಬೇಸರವಾಗಿದೆ ಎಂದು ಅಳೆಯುವುದು ಹೇಗೆ? ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ರೆಬೆಕಾ ಮೀಗರ್ ಮತ್ತು ಜಾರ್ಜಿಯಾ ಮೇಸನ್ ಒಂದು ಜಾಣ ಉಪಾಯ ಹುಡುಕಿದರು. ಬೇಸತ್ತ ಜೀವಿ ಹೊಸದೇನೇ ಸಿಕ್ಕರೂ ಅದಕ್ಕೆ ಹಾತೊರೆಯಬೇಕು, ಒಳ್ಳೆಯದಿರಲಿ, ಕೆಟ್ಟದ್ದಿರಲಿ. ಬರಿದಾದ ಪಂಜರದಲ್ಲಿದ್ದ ಮಿಂಕ್ ಎಂಬ ಪ್ರಾಣಿಗಳು ಹಾಗೆಯೇ ಮಾಡಿದವು. ಸಾಮಾನ್ಯವಾಗಿ ಅವು ಹೆದರುವ ವಸ್ತುಗಳನ್ನೂ ಬೇಗನೆ ಬಂದು ಮೂಸಿದವು. ಆಟದ ವಸ್ತು, ಈಜುಕೊಳ ಇದ್ದ ಪಂಜರದ ಮಿಂಕ್‌ಗಳಿಗೆ ಆ ಆತುರ ಇರಲಿಲ್ಲ. ಇದು 2012ರ ಮಾತು, ಸಸ್ತನಿಯ ಮಾತು. ಮೀನಿನ ವಿಷಯದಲ್ಲಿ ಅಷ್ಟು ಗಟ್ಟಿಯಾದ ಫಲಿತಾಂಶ ನನ್ನ ಕಣ್ಣಿಗೆ ಬಿದ್ದಿಲ್ಲ. ಮೀನಿಗೆ ಬೇಜಾರಾಗುತ್ತದೆ ಎಂದು ಎದೆತಟ್ಟಿ ಹೇಳುವವರನ್ನು ನಾನು ನಂಬುವುದಿಲ್ಲ.

ಕುತೂಹಲ ಇದೆ ಎಂಬುದನ್ನು ಮಾತ್ರ ನಂಬಬಹುದು. ಬೆಕಾ ಫ್ರಾಂಕ್ಸ್ ಮತ್ತು ಸಂಗಡಿಗರು ಜೀಬ್ರಾ ಮೀನುಗಳ ತೊಟ್ಟಿಗೆ ಒಂದಾದ ಮೇಲೊಂದು 30 ಹೊಸ ವಸ್ತುಗಳನ್ನು ಇಳಿಬಿಟ್ಟರು. ತಿನ್ನಲು ಬರುವಂಥದ್ದಲ್ಲ, ಬಹುಮಾನವೇನೂ ಇಲ್ಲ. ಆದರೂ ಮೀನುಗಳು ಪ್ರತಿ ಹೊಸ ವಸ್ತುವನ್ನೂ ಬಂದು ನೋಡಿದವು. ಅಮೆರಿಕದಲ್ಲಿ ಜೇಮ್ಸ್ ಮರ್ಫಿ ಎಂಬವರ ತೊಟ್ಟಿಯಲ್ಲಿದ್ದ ಟ್ರೋಫಿಯಸ್ ಜಾತಿಯ ಸಿಕ್ಲಿಡ್ ಮೀನುಗಳ ಆಟ ಇನ್ನೂ ಸೊಗಸು. ತೊಟ್ಟಿಯಲ್ಲಿದ್ದ ಥರ್ಮಾಮೀಟರಿನ ತಳ ಭಾರ; ತಳ್ಳಿದರೆ ಓಲಾಡಿ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು. ಗಂಡು ಮೀನು ಬಂದು ಮೂತಿಯಿಂದ ಗುದ್ದುವುದು, ಅದು ಎದ್ದು ನಿಲ್ಲುವುದು, ಇದು ಮತ್ತೆ ಗುದ್ದುವುದು. ಹಸಿವೆಗೂ ಸಂಬಂಧವಿಲ್ಲ, ತೊಟ್ಟಿಯಲ್ಲಿ ಬೇರೆ ಮೀನು ಇದ್ದರೂ ಇಲ್ಲದಿದ್ದರೂ ಗುದ್ದಾಟ ನಡೆಯುತ್ತಿತ್ತು. ಒಟ್ಟು ಮೂರು ಮೀನುಗಳು, ಒಂದೊಂದರದೂ ಒಂದೊಂದು ಶೈಲಿ. ಪ್ರಾಣಿಗಳ ಆಟದ ಬಗ್ಗೆ ಬಹಳ ಕಾಲ ಕೆಲಸ ಮಾಡಿದ ಗಾರ್ಡನ್ ಬರ್ಗಾರ್ಟ್ ಇದನ್ನು ಆಟವೆಂದೇ 2015ರಲ್ಲಿ ದಾಖಲಿಸಿದರು.

ಬರಿದಾದ ತೊಟ್ಟಿ ಮಿದುಳಿನ ಬೆಳವಣಿಗೆಗೂ ತಟ್ಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಗೇಬ್ರಿಯಲ್ ನೆವಿಟ್ ಅವರ ಪ್ರಯೋಗಾಲಯದವರು ಸ್ಟೀಲ್‌ಹೆಡ್ ಟ್ರೌಟ್ ಮರಿಗಳ ತೊಟ್ಟಿಗೆ ಬರೀ ಕಲ್ಲುಗಳನ್ನು ಹಾಕಿದರು, ಬೇರೇನೂ ಇಲ್ಲ. ಕಲ್ಲಿದ್ದ ತೊಟ್ಟಿಯ ಮರಿಗಳ ಉಪಮಿದುಳು ಬರೀ ತೊಟ್ಟಿಯವಕ್ಕಿಂತ ದೊಡ್ಡದಾಗಿ ಬೆಳೆಯಿತು. ಜೀಬ್ರಾ ಮೀನುಗಳಿಗೆ ಆಯ್ಕೆ ಕೊಟ್ಟರೆ ಅವೂ ಗಿಡ, ಜಲ್ಲಿ ಇರುವ ಬದಿಯನ್ನೇ ಆರಿಸುತ್ತವೆ.

ಇಷ್ಟೆಲ್ಲ ಓದಿದವರು ಮನೆಯ ತೊಟ್ಟಿಯ ಮುಂದೆ ನಿಂತರೆ ಒಂದು ಅಪಾಯವಿದೆ. ಮೀನು ಗಾಜಿನ ಪಕ್ಕದಲ್ಲೇ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಡೆಬಿಡದೆ ಈಜುತ್ತಿದ್ದರೆ, ‘ಅದಕ್ಕೆ ಬೇಜಾರಾಗಿದೆ’ ಎಂಬ ತೀರ್ಪು ತಟ್ಟನೆ ಬರುತ್ತದೆ. ಹತ್ತರಲ್ಲಿ ಎಂಟು ಸಲ ಎನ್ನುವುದಿಲ್ಲ, ಆದರೆ ಮೊದಲು ಶಂಕಿಸಬೇಕಾದ್ದು ನೀರನ್ನು. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ. ಮಿಕ್ಕ ತಿನಿಸು ಕೊಳೆತರೂ ಅಮೋನಿಯಾ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯಲ್ಲಿ ನೆಲೆಯೂರಲು ವಾರಗಳೇ ಬೇಕು. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದರೆ ಹಳೆಯ ತೊಟ್ಟಿಯಲ್ಲೂ ಸತ್ತುಹೋಗುತ್ತವೆ. ಹೀಗೆ ಕಿವಿರು ಉರಿಯುತ್ತಿರುವ ಮೀನು ದಾರಿ ಹುಡುಕುತ್ತ ಗಾಜಿಗೆ ಮೂತಿ ಉಜ್ಜುತ್ತಿರುವಾಗ, ಬೇಜಾರು ಕಳೆಯಲೆಂದು ಇನ್ನೆರಡು ಮೀನು ತಂದು ಬಿಟ್ಟರೆ ಅಮೋನಿಯಾ ಇನ್ನಷ್ಟು ಏರುತ್ತದೆ. ವಾರದೊಳಗೆ ಮೂರೂ ತೇಲುತ್ತವೆ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಅಮೋನಿಯಾ ಪರೀಕ್ಷೆಯ ಕಿಟ್ ಹೊಸ ಮೀನಿಗಿಂತ ಮೊದಲು ಕೊಳ್ಳಬೇಕಾದ ವಸ್ತು.

ತೊಟ್ಟಿಯೊಳಗಿನ ಸದ್ದು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಗೋಲ್ಡ್ ಫಿಶ್‌ನ ಗಾಳಿಚೀಲದಿಂದ ಒಳಕಿವಿಗೆ ಪುಟ್ಟ ಮೂಳೆಗಳ ಸರಪಳಿ ಇದೆ, ಹಾಗಾಗಿ ಅದರ ಶ್ರವಣ ಬಲು ಸೂಕ್ಷ್ಮ. ಫಿಲ್ಟರಿನ ಸದ್ದು ಆ ಸೂಕ್ಷ್ಮತೆಯನ್ನು ಮುಚ್ಚಿಹಾಕುತ್ತದೆ ಎಂದು ಆಸ್ಟ್ರಿಯಾದ ಸಂಶೋಧಕರು ಅಳೆದು ತೋರಿಸಿದ್ದಾರೆ. ಹಾಲಿನಲ್ಲಿ ಮೌನವಾಗಿ ಕಾಣುವ ತೊಟ್ಟಿಯೊಳಗೆ ದಿನದ 24 ಗಂಟೆಯೂ ಗದ್ದಲ ಇದ್ದೀತು. ಪಂಪನ್ನು ಗಾಜಿಗೆ ತಾಗದಂತೆ, ಕೆಳಗೆ ಸ್ಪಂಜಿನ ತುಂಡು ಹಾಕಿ ಇಡುವುದಕ್ಕೆ ಖರ್ಚೇನಿಲ್ಲ.

ಕೆಲವು ಕಡೆ ಸರ್ಕಾರಗಳು ಈ ಬಗ್ಗೆ ತಲೆ ಕೆಡಿಸಿಕೊಂಡಿವೆ. ಇಟಲಿಯ ಮೊಂಜಾ ಪಟ್ಟಣ 2004ರಲ್ಲಿ, ರೋಮ್ ನಗರ 2005ರಲ್ಲಿ ಗೋಲ್ಡ್ ಫಿಶ್‌ಗಳನ್ನು ದುಂಡನೆಯ ಬೌಲ್‌ನಲ್ಲಿಡುವುದನ್ನು ನಿಷೇಧಿಸಿದವು. ಸ್ವಿಟ್ಜರ್ಲೆಂಡ್ 2008ರ ತನ್ನ ಪ್ರಾಣಿರಕ್ಷಣಾ ನಿಯಮಗಳಲ್ಲಿ ಗುಂಪಿನಲ್ಲಿ ಬಾಳುವ ಸಾಕುಪ್ರಾಣಿಗಳಿಗೆ ತಮ್ಮ ಜಾತಿಯ ಸಂಗಡ ಸಿಗಲೇಬೇಕೆಂದಿತು. ಅಕ್ವೇರಿಯಂ ನಾಲ್ಕೂ ಕಡೆ ಪಾರದರ್ಶಕವಾಗಿರಬಾರದೆಂದೂ ಸೇರಿಸಿತು. ಕೇಳಿದಾಗ ನಗು ಬರಬಹುದು, ಆದರೆ ನಾಲ್ಕೂ ಕಡೆಯಿಂದ ಯಾರೋ ದಿಟ್ಟಿಸುವ ಕೋಣೆಯಲ್ಲಿ ನಾವಿದ್ದರೆ ನಗುತ್ತಿದ್ದೆವೇ?

ಫೈಟರ್ ಮೀನಿನ ವಿಚಾರ ಬಾಕಿ ಇದೆ. ಥಾಯ್ಲೆಂಡಿನ ಈ ಮೀನಿನ ಗಂಡುಗಳು ಆಳವಿಲ್ಲದ, ಗಿಡ ತುಂಬಿದ ನೀರಿನಲ್ಲಿ ತಮ್ಮ ತಮ್ಮ ಗಡಿ ಕಾಯ್ದುಕೊಂಡು ಬಾಳುವಂಥವು. ಕಾಳಗಕ್ಕೆಂದೇ ಮನುಷ್ಯರು ತಲೆಮಾರುಗಳಿಂದ ತಳಿ ಬೆಳೆಸಿ ಅವುಗಳ ಜಗಳಗಂಟಿತನವನ್ನು ಇನ್ನೂ ಹೆಚ್ಚಿಸಿದ್ದಾರೆ. ಅದಕ್ಕೆ ಒಂಟಿಯಾಗಿರುವುದು ಶಿಕ್ಷೆಯಲ್ಲ. ಅಂಗೈಯಗಲದ ಡಬ್ಬ ಶಿಕ್ಷೆ. ಮೇಲೆ ಬಂದು ಗಾಳಿ ಗುಟುಕರಿಸುವ ಅಂಗ ಇರುವುದರಿಂದ ಅಷ್ಟು ನೀರಿನಲ್ಲೂ ಸಾಯದೆ ಉಳಿಯುತ್ತದೆ. ಸಾಯದಿರುವುದನ್ನೇ ನಾವು ಸುಖ ಎಂದುಕೊಂಡಿದ್ದೇವೆ. ಅದಕ್ಕೆ ಬೇಕಾದ್ದು ದೊಡ್ಡ ತೊಟ್ಟಿ, ಬೆಚ್ಚನೆಯ ನೀರು, ಅಡಗಲು ಎಲೆ.

ಹಿಂಡಿನ ಮೀನಿಗೆ ಹಿಂಡೇ ಬೇಕು. ಕೇರಳ ಮತ್ತು ಕರ್ನಾಟಕದ ಘಟ್ಟದ ಹೊಳೆಗಳಲ್ಲಿ ಗುಂಪುಗುಂಪಾಗಿ ಈಜುವ, ಮೈಮೇಲೆ ಕೆಂಪು ಗೆರೆಯಿರುವ ಡೆನಿಸನ್ ಬಾರ್ಬ್ ಮೀನನ್ನು ಅಂಗಡಿಗಳು ‘ಮಿಸ್ ಕೇರಳ’ ಎಂದು ಮಾರುತ್ತವೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ಎತ್ತಿದ್ದೂ ಸೇರಿ ಅದೀಗ ಅಳಿವಿನಂಚಿನ ಜಾತಿ. ಚಂದ ಕಂಡಿತೆಂದು ಅದರಲ್ಲಿ ಒಂದನ್ನು ತಂದರೆ ಹೊಳೆಗೂ ನಷ್ಟ, ಮೀನಿಗೂ ಸುಖವಿಲ್ಲ. ಟೆಟ್ರಾ, ಜೀಬ್ರಾ, ಬಾರ್ಬ್ ಯಾವುದೇ ಆಗಲಿ, ಆರಕ್ಕಿಂತ ಕಡಿಮೆ ಕೊಳ್ಳಬೇಡಿ. ಆರಕ್ಕೆ ಜಾಗವಿಲ್ಲದಿದ್ದರೆ ಆ ಮೀನೇ ಬೇಡ. ಸಾಕಲು ಆಗದೆ ಕೈಚೆಲ್ಲುವಂತಾದರೆ, ಪಾಪ ಸ್ವತಂತ್ರವಾಗಿರಲಿ ಎಂದು ಊರ ಕೆರೆಗೆ ಬಿಡಲೂ ಬೇಡಿ. ಹಾಗೆ ಬಿಟ್ಟ ದಕ್ಷಿಣ ಅಮೆರಿಕದ ಸಕರ್ ಮೀನು ದಕ್ಷಿಣ ಭಾರತದ ಕೆರೆ-ನದಿಗಳಲ್ಲಿ ತುಂಬಿಕೊಂಡು ಇಲ್ಲಿಯ ಮೀನುಗಳ ಜಾಗ ಕಬಳಿಸುತ್ತಿದೆ. ಕೊಂಡ ಅಂಗಡಿಗೇ ಮರಳಿಸಿ, ಇಲ್ಲವೇ ಅದೇ ಜಾತಿಯ ಹಿಂಡನ್ನು ಸಾಕುತ್ತಿರುವವರಿಗೆ ಕೊಡಿ.